‘ಎಲ್ಲಾ ಕಳ್ಳರೇ’ ಅನ್ನುವ ಗೆಳೆಯರು ಹೇಳುವುದು ಎಷ್ಟು ನಿಜ?

ಪ್ರಶ್ನೆ: ಸರ್, ದಾವಣಗೆರೆ ಹಳೇಪೇಟೆಯಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ವಯಸ್ಸು 51. ಬೆಳಿಗ್ಗೆ ವಾಕಿಂಗ್ ಬರುವ ಗೆಳೆಯರದ್ದೇ ಒಂದು ವಾಟ್ಸಾಪ್ ಗುಂಪಿದೆ. ಮೊದಲೆಲ್ಲ ಹುಟ್ಟುಹಬ್ಬದ ಶುಭಾಶಯ, ಅಡಿಕೆ ರೇಟು, ಭದ್ರಾ ಡ್ಯಾಮಿನ ನೀರಿನ ಮಟ್ಟ ಇಂಥವು ಬರುತ್ತಿದ್ದವು. ಈಗ ಒಂದೇ ಹಾಡು. ಎಲ್ಲಾ ಕಳ್ಳರೇ, ಮತಯಂತ್ರ ಮೊದಲೇ ಸೆಟ್ ಆಗಿರುತ್ತೆ, ಮೊಬೈಲು ನಮ್ಮ ಮಾತು ಕದ್ದು ಕೇಳುತ್ತೆ, ಆಧಾರ್ ಕೊಟ್ಟ ದಿನವೇ ನಮ್ಮ ಜುಟ್ಟು ಅವರ ಕೈಗೆ ಹೋಯ್ತು, ಎಐ ಬಂದ ಮೇಲಂತೂ ಓಟು ಹಾಕೋದೇ ನಾಟಕ. ‘ಹಂಗೆಲ್ಲ ಇರಲ್ಲ ಬಿಡ್ರಪ್ಪ’ ಅಂದರೆ, ‘ನೀನಿನ್ನೂ ಸಣ್ಣ ಹುಡುಗ ಬಿಡಣ್ಣ’ ಅಂತ ನಗುತ್ತಾರೆ. ಮಗಳು ಬಿಇ ಓದುತ್ತಿದ್ದಾಳೆ, ಜೂನ್‌ನಲ್ಲಿ 18 ತುಂಬಿತು. ಓಟರ್ ಲಿಸ್ಟಿಗೆ ಹೆಸರು ಸೇರಿಸು ಅಂದರೆ, ‘ರಾಮ ಆಳಿದರೇನು ರಾವಣ ಆಳಿದರೇನು, ರಾಗಿ ಬೀಸೋದು ತಪ್ಪಲ್ಲ’ ಅಂತ ಅವಳಜ್ಜನ ಗಾದೆ ನನಗೇ ಹೇಳುತ್ತಾಳೆ. ಅಂಗಡಿ ಮುಚ್ಚಿ ಬಂದು ರಾತ್ರಿ ಇವನ್ನೆಲ್ಲ ನೋಡುತ್ತ ಕೂತರೆ ನಿದ್ದೆ ಬರುವುದಿಲ್ಲ. ಅವರು ಹೇಳುವುದು ನಿಜವೇ? ಗುಂಪು ಬಿಟ್ಟುಬಿಡಲೇ? ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಮೇಲ್ನೋಟಕ್ಕೆ ಮತಯಂತ್ರ, ಮೊಬೈಲುಗಳ ಬಗ್ಗೆ ಇದೆ. ಒಳಗಿನ ದುಗುಡ ಬೇರೆ: ನಂಬಿದರೆ ಪೆದ್ದ ಅನ್ನಿಸಿಕೊಳ್ಳುತ್ತೇನೆ, ಏನನ್ನೂ ನಂಬದಿದ್ದರೆ ದಿನ ದೂಡುವುದು ಹೇಗೆ? ನಾನು ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವವನು. ಚುನಾವಣೆ ಬಂದಾಗ ಮತಗಟ್ಟೆ ಸಿಬ್ಬಂದಿಗೆ ತರಬೇತಿ ಕೊಡುವ ಮಾಸ್ಟರ್ ಟ್ರೈನರ್ ಕೆಲಸವೂ ಹೆಗಲಿಗೆ ಬೀಳುತ್ತದೆ. ಹಾಗಾಗಿ ನಿಮ್ಮ ಗೆಳೆಯರ ಮಾತುಗಳನ್ನು ತರಗತಿಯಲ್ಲೂ ಕೇಳುತ್ತೇನೆ, ತರಬೇತಿ ಹಾಲ್‌ನಲ್ಲೂ ಕೇಳುತ್ತೇನೆ.

ಮೊದಲು ಅವರ ಪರವಾಗಿ ಒಂದಿಷ್ಟು ಹೇಳಿಬಿಡುತ್ತೇನೆ. ನಮ್ಮ ಭಾಗದ ಜನ ಸುಮ್ಮನೆ ಹೀಗಾದವರಲ್ಲ. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗಕ್ಕೆ 2011-12ರಲ್ಲೇ ಒಪ್ಪಿಗೆ ಸಿಕ್ಕಿತು. ಅಂದು ಸುದ್ದಿ ಓದಿ ಖುಷಿಪಟ್ಟ ಹುಡುಗರಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾಯಿತು. ಘೋಷಣೆಗೆ ಚಪ್ಪಾಳೆ ಹೊಡೆದ ಚಿತ್ರದುರ್ಗದ ಜನವೇ ಮರುವರ್ಷ ಆ ಹಣಕ್ಕಾಗಿ ಬೀದಿಗಿಳಿಯಬೇಕಾಯಿತು. ಇನ್ನು ದಾವಣಗೆರೆ ಲೋಕಸಭಾ ಸ್ಥಾನ 1998ರಿಂದೀಚೆಗೆ ಎರಡೇ ಮನೆಗಳ ನಡುವೆ ಓಡಾಡುತ್ತಿದೆ. ಯಾವ ಮನೆಗಳೆಂದು ನಿಮಗೆ ನಾನು ಹೇಳಬೇಕಿಲ್ಲ. ಯಾರು ಎಷ್ಟು ಕೊಟ್ಟರೆಂದು ಮತದಾರನಿಗೆ ತಿಳಿಯದಂತೆ ಪಕ್ಷಗಳಿಗೆ ಹಣ ಕೊಡುವ ಚುನಾವಣಾ ಬಾಂಡ್ ವ್ಯವಸ್ಥೆಯಂತೂ 2018ರಿಂದ 2024ರವರೆಗೆ ಕಾನೂನುಬದ್ಧವಾಗಿಯೇ ನಡೆಯಿತು. ಇಷ್ಟೆಲ್ಲ ಕಂಡವರಿಗೆ ‘ಸ್ವಲ್ಪ ನಂಬಿಕೆ ಇಡಿ’ ಎಂದು ಉಪದೇಶ ಮಾಡುವುದು ಅವಮಾನ ಮಾಡಿದಂತೆ.

ಆದರೆ ಬಾಂಡ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವರು ಅರ್ಜಿ ಹಾಕಿದರು, ವರ್ಷಗಟ್ಟಲೆ ಕಾದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಸಾಂವಿಧಾನಿಕ ಎಂದರು. ಸ್ಟೇಟ್ ಬ್ಯಾಂಕ್ ಜೂನ್‌ವರೆಗೆ ಸಮಯ ಕೇಳಿತು, ಕೋರ್ಟು ಕೊಡಲಿಲ್ಲ. ಮಾರ್ಚ್‌ನಲ್ಲಿ ಪಟ್ಟಿ ಹೊರಬಿತ್ತು. ಯಾವ ಕಂಪನಿ ಎಷ್ಟರ ಬಾಂಡ್ ಕೊಂಡಿತು, ಯಾವ ಪಕ್ಷ ನಗದು ಮಾಡಿಕೊಂಡಿತು ಎಂದು ದೇಶವೆಲ್ಲ ಓದಿತು. ಅರ್ಜಿ ಹಾಕಿದವರೂ ನಿಮ್ಮ ಗೆಳೆಯರಷ್ಟೇ ಸಂಶಯದವರು. ಒಂದೇ ವ್ಯತ್ಯಾಸ, ಸಂಶಯ ಬಂದ ಮೇಲೆ ಅವರು ಎದ್ದು ಹೋಗಿ ಏನೋ ಮಾಡಿದರು.

ನಿಮ್ಮ ಗಲ್ಲಾಕ್ಕೆ ಒಂದು ಖೋಟಾ 500ರ ನೋಟು ಬಂತೆಂದು ನೀವು ನೋಟು ಮುಟ್ಟುವುದನ್ನೇ ಬಿಡುವುದಿಲ್ಲ. ಬೆಳಕಿಗೆ ಹಿಡಿದು ದಾರ ನೋಡುವುದನ್ನು ಕಲಿಯುತ್ತೀರಿ. ‘ಎಲ್ಲಾ ನೋಟೂ ಖೋಟಾ’ ಅನ್ನುವವನು ನಿಮಗಿಂತ ಬುದ್ಧಿವಂತನಂತೆ ಮಾತಾಡಬಹುದು, ಆದರೆ ಅವನಿಗೆ ಖೋಟಾ ನೋಟು ಹಿಡಿಯಲು ಬರುವುದಿಲ್ಲ.

ಈಗ ಮತಯಂತ್ರ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಇದನ್ನು ಮೊದಲು ಬಳಸಿದರು. ಸೋತವರು ಕೋರ್ಟಿಗೆ ಹೋದರು. ಯಂತ್ರ ಕೆಟ್ಟದ್ದು ಎಂದಲ್ಲ, ಯಂತ್ರ ಬಳಸಲು ಕಾನೂನೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟು ಆ ಮತಗಟ್ಟೆಗಳ ಮತದಾನವನ್ನು ರದ್ದುಮಾಡಿತು. ಆಮೇಲೆ ಕಾನೂನು ತಿದ್ದುಪಡಿಯಾಯಿತು, 2004ರ ಲೋಕಸಭಾ ಚುನಾವಣೆ ದೇಶದ ಉದ್ದಗಲಕ್ಕೂ ಯಂತ್ರದಲ್ಲೇ ನಡೆಯಿತು. ಯಂತ್ರ ತಯಾರಿಸುವುದು ಎರಡು ಸರ್ಕಾರಿ ಸಂಸ್ಥೆಗಳು, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಇಂಟರ್ನೆಟ್ಟು, ಬ್ಲೂಟೂತ್ ಸಂಪರ್ಕ ಇದಕ್ಕಿಲ್ಲ. ‘ಅಮೆರಿಕದಲ್ಲಿ ಕೂತು ಹ್ಯಾಕ್ ಮಾಡಿದರು’ ಎಂಬ ವಿಡಿಯೊ ಬಂದರೆ ಅಲ್ಲಿಗೇ ನಿಲ್ಲಿಸಬಹುದು.

‘ಮೊದಲೇ ಸೆಟ್’ ಎಂಬ ಮಾತಿಗೆ ಬರೋಣ. ಮತದಾನ ಶುರುವಾಗುವ ಒಂದೂವರೆ ಗಂಟೆ ಮುಂಚೆ ಪ್ರತಿ ಮತಗಟ್ಟೆಯಲ್ಲಿ ಅಭ್ಯರ್ಥಿಗಳ ಏಜೆಂಟರ ಮುಂದೆ ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತ ಒತ್ತಿ, ಯಂತ್ರದ ಲೆಕ್ಕಕ್ಕೂ ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸುವ ಪೆಟ್ಟಿಗೆ) ಚೀಟಿಗಳಿಗೂ ತಾಳೆ ನೋಡಿ, ಆಮೇಲೆ ಅಳಿಸಿ ಸೀಲ್ ಮಾಡುತ್ತಾರೆ. ನೀವು ಮತ ಹಾಕಿದಾಗ ಗಾಜಿನ ಹಿಂದೆ 7 ಸೆಕೆಂಡು ಚೀಟಿ ಕಾಣಿಸುತ್ತದೆ. ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದಿಂದ ಲಾಟರಿಯಂತೆ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ದಾವಣಗೆರೆ ಲೋಕಸಭೆಗೆ ಎಂಟು ವಿಧಾನಸಭಾ ಕ್ಷೇತ್ರ, ಅಂದರೆ 40 ಮತಗಟ್ಟೆ. ಮತದಾನ ಮುಗಿದ ಕೂಡಲೇ ಒಟ್ಟು ಎಷ್ಟು ಮತ ಬಿತ್ತು ಎಂಬ ಲೆಕ್ಕದ ಪ್ರತಿಯನ್ನು, ಅದಕ್ಕೆ 17ಸಿ ನಮೂನೆ ಅನ್ನುತ್ತಾರೆ, ಏಜೆಂಟರ ಕೈಗೆ ಕೊಡಬೇಕು. ಎಣಿಕೆಯ ದಿನ ತಾಳೆ ಹಾಕಿ ನೋಡಲು ಇದಕ್ಕಿಂತ ಗಟ್ಟಿ ದಾಖಲೆ ಏಜೆಂಟರ ಕೈಯಲ್ಲಿ ಬೇರೆ ಇಲ್ಲ.

ಹಾಗಾದರೆ ಪ್ರಶ್ನೆಯೇ ಇಲ್ಲವೇ? ಇದೆ. ವಿವಿಪ್ಯಾಟ್ ಬರುವ ಮುಂಚೆ ‘ಯಂತ್ರಕ್ಕೆ ಅಭ್ಯರ್ಥಿ ಯಾರೆಂದೇ ಗೊತ್ತಿಲ್ಲ, ಬರೀ ಗುಂಡಿ ಸಂಖ್ಯೆ ಗೊತ್ತು’ ಎಂದು ನಾವು ತರಬೇತಿಯಲ್ಲಿ ಧೈರ್ಯವಾಗಿ ಹೇಳಬಹುದಿತ್ತು. ಈಗ ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆ ವಿವಿಪ್ಯಾಟ್‌ಗೆ ಹೆಸರು, ಚಿಹ್ನೆ ತುಂಬುತ್ತಾರೆ. ಆ ಹಂತದ ಬಗ್ಗೆ ಬಲ್ಲವರೇ ಆಕ್ಷೇಪ ಎತ್ತಿದರು. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನೂ, ಮತಪತ್ರಕ್ಕೆ ಮರಳುವುದನ್ನೂ ಒಪ್ಪಲಿಲ್ಲ. ಆದರೆ ಚಿಹ್ನೆ ತುಂಬುವ ಉಪಕರಣವನ್ನು ಫಲಿತಾಂಶದ ನಂತರ 45 ದಿನ ಸೀಲ್ ಮಾಡಿ ಇಡಬೇಕೆಂದಿತು. ಎರಡನೇ, ಮೂರನೇ ಸ್ಥಾನದವರು ಬಯಸಿದರೆ ಶುಲ್ಕ ಕಟ್ಟಿ ಶೇ 5ರಷ್ಟು ಯಂತ್ರಗಳನ್ನು ಎಂಜಿನಿಯರುಗಳಿಂದ ಪರೀಕ್ಷೆ ಮಾಡಿಸಬಹುದು. ತಿದ್ದಿದ್ದು ಸಾಬೀತಾದರೆ ಶುಲ್ಕ ವಾಪಸ್. ನನ್ನ ಅಭಿಪ್ರಾಯ ಕೇಳಿದರೆ, ಎಣಿಸುವ ಚೀಟಿಗಳ ಪ್ರಮಾಣ ಇನ್ನೂ ಹೆಚ್ಚಬೇಕು, ಫಲಿತಾಂಶ ಅರ್ಧ ದಿನ ತಡವಾದರೆ ಆಕಾಶವೇನೂ ಬೀಳುವುದಿಲ್ಲ. ಸೋತಾಗ ಯಂತ್ರ ಕೆಟ್ಟದ್ದು, ಗೆದ್ದಾಗ ಜನಾದೇಶ ಅನ್ನುವ ಪಕ್ಷಗಳ ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಈ ಚಾಳಿಗೆ ಪಕ್ಷಭೇದವಿಲ್ಲ.

ಗಾಬರಿಪಡಬೇಕಾದ ಜಾಗ ಬೇರೆಯೇ ಇದೆ, ಅದರ ಬಗ್ಗೆ ನಿಮ್ಮ ಗುಂಪಿನಲ್ಲಿ ಅಷ್ಟಾಗಿ ಚರ್ಚೆಯಾಗಿರಲಿಕ್ಕಿಲ್ಲ. ಅದು ಮತದಾರರ ಪಟ್ಟಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆದುಹಾಕಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ. ಉಳಿದವು ಯಾರದೋ ಹೆಸರಿನಲ್ಲಿ ಇನ್ಯಾರೋ ಹಾಕಿದ್ದು. ಅರ್ಜಿದಾರ ಎಂದು ನಮೂದಾದವನಿಗೇ ಗೊತ್ತಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಪಟ್ಟಿಯಲ್ಲಿ ಕಂಡು ‘ಇದೇನಿದು’ ಎಂದು ಕೇಳಿದ್ದರಿಂದ ವಿಷಯ ಹೊರಬಂತು. ಅರ್ಜಿಗಳು ತಿರಸ್ಕೃತವಾದವು, ಪೊಲೀಸ್ ಕೇಸ್ ದಾಖಲಾಯಿತು, 2025ರಲ್ಲಿ ವಿಶೇಷ ತನಿಖಾ ತಂಡ ಕೈಗೆತ್ತಿಕೊಂಡಿತು. ಇದರಲ್ಲಿ ರಾಜಕೀಯವೂ ಇದೆ, ತಂತ್ರಜ್ಞಾನವೂ ಇದೆ, ನಿಮ್ಮ ಗೆಳೆಯರಿಗೆ ಹೇಳಿ ಮಾಡಿಸಿದ ವಿಷಯ. ಆದರೆ ಇದನ್ನು ಹಿಡಿದದ್ದು ಗಾಳಿಯಲ್ಲಿ ಗುದ್ದಾಡಿದ ಫಾರ್ವರ್ಡ್‌ಗಳಲ್ಲ. ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದೇ ಹೆಸರು ನೋಡಿದವರು.

ಮೊಬೈಲು ಕದ್ದು ಕೇಳುತ್ತದೆಯೇ? 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಕದ್ದು ಮಾತು ರೆಕಾರ್ಡ್ ಮಾಡಿ ಕಳಿಸುವ ಒಂದು ಆ್ಯಪೂ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು: ಕೆಲವು ಆ್ಯಪ್‌ಗಳು ಬಳಕೆದಾರನಿಗೆ ಹೇಳದೆ ಪರದೆಯ ಚಿತ್ರ, ವಿಡಿಯೊ ತೆಗೆದು ಬೇರೆ ಕಂಪನಿಗೆ ಕಳಿಸುತ್ತಿದ್ದವು. ಫ್ರಿಜ್ ಬಗ್ಗೆ ಮಾತಾಡಿದ ಮೇಲೆ ಫ್ರಿಜ್ ಜಾಹೀರಾತು ಬರಲು ಮೈಕ್ ಬೇಕಾಗಿಯೇ ಇಲ್ಲ. ಮನೆಯಲ್ಲಿ ಒಂದೇ ವೈಫೈ, ಮಗಳು ಫ್ರಿಜ್ ಹುಡುಕಿರುತ್ತಾಳೆ, ನೀವು ಅಂಗಡಿಯೊಂದರ ಮುಂದೆ ಹತ್ತು ನಿಮಿಷ ನಿಂತಿರುತ್ತೀರಿ, ಲೊಕೇಶನ್ ಆನ್ ಇರುತ್ತದೆ. ನಾವು ಬಾಯಿಬಿಡದೆಯೇ ಇಷ್ಟೆಲ್ಲ ಹೇಳಿಕೊಳ್ಳುತ್ತೇವೆ ಎನ್ನುವುದು ಕದ್ದು ಕೇಳುವುದಕ್ಕಿಂತ ಹೆಚ್ಚು ದಿಗಿಲಿನ ಸಂಗತಿ ಎಂದೇ ನನಗೆ ಅನಿಸುವುದು. ಆದರೆ ಇದಕ್ಕೆ ಮದ್ದಿದೆ. ಸೆಟ್ಟಿಂಗ್ಸ್‌ನಲ್ಲಿ ಪರ್ಮಿಶನ್ ಪಟ್ಟಿ ತೆರೆದು, ಟಾರ್ಚ್ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಯಾಕೆ ಬೇಕು ಎಂದು ಒಂದೊಂದಾಗಿ ಕೇಳಿಕೊಂಡು ಆಫ್ ಮಾಡಿ. ಆಂಡ್ರಾಯ್ಡ್ 12ರ ನಂತರದ ಫೋನುಗಳಲ್ಲಿ ಮೈಕ್ ಅಥವಾ ಕ್ಯಾಮೆರಾ ಚಾಲೂ ಆದರೆ ಮೇಲ್ತುದಿಯಲ್ಲಿ ಹಸಿರು ಚುಕ್ಕೆ ಕಾಣುತ್ತದೆ.

ಆಧಾರ್ ವಿಷಯದಲ್ಲೂ ಹೀಗೆಯೇ. ಅನುಮಾನ ಪಟ್ಟವರಲ್ಲಿ ಒಬ್ಬರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 86ನೇ ವಯಸ್ಸಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನೇ ಬೇಕೆಂದು ಪಟ್ಟು ಹಿಡಿಯಲು ದಾರಿಮಾಡಿದ್ದ ಭಾಗ ಬಿದ್ದುಹೋಯಿತು. ಪೂರ್ತಿ ಗೆಲುವೂ ಅಲ್ಲ, ಸೋಲೂ ಅಲ್ಲ. ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು. ಅದರ ನಿಯಮ ಬರಲು ಇನ್ನೂ ಎರಡು ವರ್ಷ ಹಿಡಿಯಿತು, ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ ಒಂದು ಕಲಮನ್ನು ಅದು ಬಿಗಿ ಮಾಡಿತು. ಅದು ನನಗೆ ಒಪ್ಪಿಗೆಯಿಲ್ಲ. ಜುಟ್ಟಿನ ಮಾತು ಬಿಡಿ, ನಿಮ್ಮ ಹೆಬ್ಬೆಟ್ಟಿನ ಬಗ್ಗೆ ಯೋಚಿಸಿ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಆಧಾರ್ ಆಧಾರಿತ ಪಾವತಿಯಿಂದ ಖಾತೆಯ ಹಣ ಎತ್ತಿದ ಪ್ರಕರಣಗಳು ನಡೆದವು. ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಲು ಐದು ನಿಮಿಷ ಸಾಕು. ಹಣ ಹೋದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ಎಐ ಬಗ್ಗೆ ಒಂದೇ ಮಾತು. ಸುಳ್ಳು ವಿಡಿಯೊ ನಂಬುವವರು ಹೆಚ್ಚುತ್ತಾರೆ ಎನ್ನುವುದು ಅರ್ಧ ಅಪಾಯ. ಇನ್ನರ್ಧ, ನಿಜವಾಗಿಯೂ ಸಿಕ್ಕಿಬಿದ್ದವನು ‘ಅದು ಎಐ ಮಾಡಿದ್ದು’ ಎಂದು ಕೈ ಕೊಡವಿಕೊಳ್ಳುವುದು. ಏನನ್ನೂ ನಂಬದ ಜನ ಇರುವ ಊರಿನಲ್ಲಿ ಅವನಿಗೆ ಅದು ಸಲೀಸು.

ಹಾಗಿದ್ದರೂ ಈ ಕಹಿ ಮಾತು ಯಾಕೆ ಇಷ್ಟು ಓಡುತ್ತದೆ? ಒಂದು ಕಾರಣ ಯಂತ್ರದ್ದು. ಫೇಸ್‌ಬುಕ್ 2017ರಿಂದ ಕೋಪದ ಮುಖದ ಗುರುತಿಗೆ ಒಂದು ಲೈಕ್‌ಗಿಂತ ಐದು ಪಟ್ಟು ಬೆಲೆ ಕೊಟ್ಟು ಪೋಸ್ಟ್‌ಗಳನ್ನು ಮೇಲೆ ತರುತ್ತಿತ್ತು. ಆ ಬೆಲೆಯನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ವಾಟ್ಸಾಪ್‌ನಲ್ಲಿ ಅಂಥ ಲೆಕ್ಕಾಚಾರವಿಲ್ಲ, ಅಲ್ಲಿ ನಾವೇ ಆ ಯಂತ್ರ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಎಂಐಟಿಯವರು ನೋಡಿದಾಗ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಹೆಚ್ಚಿತ್ತು. ಹಂಚಿದ್ದು ರೋಬೋಗಳಲ್ಲ, ಮನುಷ್ಯರು. ಹೊಸದಾಗಿ ಕೇಳಿಸುವುದನ್ನು ಮೊದಲು ಹೇಳಿದವನಿಗೆ ಗುಂಪಿನಲ್ಲಿ ಒಂದು ತೂಕ ಬರುತ್ತದಲ್ಲ, ಅದಕ್ಕೆ.

ಇನ್ನೊಂದು ಕಾರಣ ನಿಮ್ಮ ಗೆಳೆಯರ ಆ ನಗುವಿನಲ್ಲೇ ಇದೆ. ಯಾರನ್ನೂ ನಂಬದವನು ಹೆಚ್ಚು ಬುದ್ಧಿವಂತ ಎಂದು ನಾವೆಲ್ಲ ಒಳಗೊಳಗೇ ಎಣಿಸುತ್ತೇವೆ. ಮನೋವಿಜ್ಞಾನಿ ಓಲ್ಗಾ ಸ್ತಾವ್ರೋವಾ ಮತ್ತು ಅವರ ಸಹೋದ್ಯೋಗಿ 30 ದೇಶಗಳ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಎಲ್ಲರನ್ನೂ ಅನುಮಾನಿಸುವವರು ಬುದ್ಧಿ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಹಿಂದೆಯೇ ಇದ್ದರು. ಜಾಣರು ಅನುಮಾನಿಸುತ್ತಿದ್ದದ್ದು ಸುತ್ತಲಿನ ಪರಿಸ್ಥಿತಿ ಅದಕ್ಕೆ ತಕ್ಕಂತೆ ಇದ್ದಾಗ ಮಾತ್ರ. ಇದನ್ನು ಗುಂಪಿಗೆ ಹಾಕಬೇಡಿ, ಜಗಳವಾಗುತ್ತದೆ. ನಿಮ್ಮ ಸಮಾಧಾನಕ್ಕೆ ಹೇಳಿದೆ.

ಈ ಮಾತಿನಿಂದ ಲಾಭ ಯಾರಿಗೆ ಎಂದೂ ನೋಡಿ. ಹತ್ತು ಜನರಲ್ಲಿ ಇಬ್ಬರು ಕಳ್ಳರಿದ್ದರೆ, ‘ಎಲ್ಲಾ ಕಳ್ಳರೇ’ ಎಂಬ ಮಾತು ಆ ಇಬ್ಬರಿಗೆ ವರ. 2016ರಲ್ಲಿ ನಮ್ಮ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತದ ಪೊಲೀಸ್ ಬಲ ಕಿತ್ತುಕೊಂಡಾಗ ಬಹಳ ಜನ ‘ಎಲ್ಲಾ ಒಂದೇ’ ಎಂದು ಸುಮ್ಮನಾದರು. ಸುಮ್ಮನಾಗದ ಕೆಲವರು, ಬೆಂಗಳೂರು ವಕೀಲರ ಸಂಘವೂ ಸೇರಿ, ಹೈಕೋರ್ಟಿಗೆ ಹೋದರು. 2022ರ ಆಗಸ್ಟ್‌ನಲ್ಲಿ ದಳ ರದ್ದಾಗಿ ಲೋಕಾಯುಕ್ತಕ್ಕೆ ಬಲ ಮರಳಿತು. ಏಳೇ ತಿಂಗಳಲ್ಲಿ, 2023ರ ಮಾರ್ಚ್‌ನಲ್ಲಿ, ನಮ್ಮ ಜಿಲ್ಲೆಯದೇ ಆಗಿನ ಆಡಳಿತ ಪಕ್ಷದ ಶಾಸಕರೊಬ್ಬರ ಮಗ 40 ಲಕ್ಷ ಲಂಚ ಪಡೆದ ಆರೋಪದಲ್ಲಿ ಅದೇ ಲೋಕಾಯುಕ್ತದ ಬಲೆಗೆ ಬಿದ್ದರು. ಕೋರ್ಟಿನಲ್ಲಿ ಇಂಥ ಪ್ರಕರಣಗಳು ಹೇಗೆ ಎಳೆದಾಡುತ್ತವೆ ಎಂಬುದು ಬೇರೆ ಮಾತು. ಬಲೆ ಹಾಕುವ ಕೈಯಾದರೂ ಇತ್ತು.

ಈಗ ನೀವು ಏನು ಮಾಡಬಹುದು. ಗುಂಪು ಬಿಟ್ಟರೆ ನಿದ್ದೆ ಬರುತ್ತದೆ, ನಿಜ. ಆದರೆ ಮರುದಿನ ಬೆಳಿಗ್ಗೆ ಅದೇ ಮುಖಗಳು ಎದುರಾಗುತ್ತವೆ, ‘ಯಾಕಣ್ಣ ಬೇಜಾರಾ’ ಎಂಬ ವಿಚಾರಣೆ ಶುರುವಾಗುತ್ತದೆ. ನನ್ನ ಸಲಹೆ: ಬಿಡಬೇಡಿ, ಮ್ಯೂಟ್ ಮಾಡಿ, ಅಂಗಡಿ ಮುಚ್ಚಿದ ಮೇಲೆ ತೆರೆಯಬೇಡಿ. ಒಂದೊಂದು ಫಾರ್ವರ್ಡ್‌ಗೂ ಉತ್ತರ ಕೊಡುವ ದಾರಿಗೆ ಹೋಗಬೇಡಿ. ಹತ್ತು ಜನರ ಮುಂದೆ ತಪ್ಪು ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಅವರ ಫಾರ್ವರ್ಡ್‌ಗೆ ಎದುರು ಪಕ್ಷದ ಫಾರ್ವರ್ಡ್ ಹಾಕುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ವಾಕಿಂಗ್‌ನಲ್ಲಿ ಒಬ್ಬರೇ ಸಿಕ್ಕಾಗ ಕೇಳಿ: ‘ಇದು ನಿಜವೋ ಸುಳ್ಳೋ ತಿಳಿಯಲು ಏನು ನೋಡಬೇಕು?’ ತರಬೇತಿ ಹಾಲ್‌ನಲ್ಲಿ ನಾನೂ ಇದನ್ನೇ ಮಾಡುವುದು. ‘ಎಲ್ಲಾ ಸೆಟ್ಟಿಂಗ್ ಸಾರ್’ ಅನ್ನುವವರನ್ನೇ ಮುಂದೆ ಕರೆದು ಗುಂಡಿ ಒತ್ತಿಸಿ ಚೀಟಿ ಎಣಿಸಲು ಕೊಡುತ್ತೇನೆ. ಅವರು ಭಕ್ತರಾಗಿ ಹಿಂದಿರುಗುವುದಿಲ್ಲ. ‘ಸ್ಟ್ರಾಂಗ್ ರೂಮಿನ ಕೀಲಿ ಯಾರ ಹತ್ತಿರ ಇರುತ್ತೆ?’ ಎಂದು ಕೇಳುತ್ತಾರೆ. ಅಂಥ ಪ್ರಶ್ನೆಗೆ ಉತ್ತರ ಕೊಡಬಹುದು, ಉತ್ತರ ಸಿಗದಿದ್ದರೆ ಜಗಳವನ್ನೂ ಮಾಡಬಹುದು.

ಕೈಯಾರೆ ಏನಾದರೂ ಮಾಡುವ ಹುಮ್ಮಸ್ಸಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಿಮ್ಮ ಬೀದಿಯ ಚರಂಡಿಗೆ ಎಷ್ಟು ಬಿಲ್ಲಾಗಿದೆ ಎಂಬುದರಿಂದ ಶುರು ಮಾಡಿ. ಅಪಾಯವಿಲ್ಲವೆಂದು ಹೇಳಲಾರೆ: ಅರ್ಜಿಯಲ್ಲಿ ನಿಮ್ಮ ಹೆಸರು, ವಿಳಾಸ ಇರುತ್ತದೆ, ಗುತ್ತಿಗೆದಾರ ನಿಮ್ಮ ಗಿರಾಕಿಯೇ ಆಗಿರಬಹುದು. ಒಬ್ಬರೇ ಹಾಕುವ ಬದಲು ವರ್ತಕರ ಸಂಘದ ಪದಾಧಿಕಾರಿಯೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮೇಲ್ಮನವಿ ಮಾಹಿತಿ ಆಯೋಗದವರೆಗೆ ಹೋದರೆ ಬಹಳ ದಿನ ಕಾಯಬೇಕಾಗುತ್ತದೆ ಎಂಬುದನ್ನೂ ತಿಳಿದಿರಿ.

ಮಗಳ ಜೊತೆ ವಾದಕ್ಕಿಳಿಯಬೇಡಿ. ಅಜ್ಜನ ಗಾದೆಗೆ ಉತ್ತರವಾಗಿ 2024ರ ನಮ್ಮ ಲೋಕಸಭಾ ಫಲಿತಾಂಶವನ್ನು ಅವಳ ಮುಂದಿಡಿ. ಗೆದ್ದವರ ಅಂತರ 26,094. ಮೂರನೆಯವರಾಗಿ ಬಂದ ಪಕ್ಷೇತರ ಅಭ್ಯರ್ಥಿಗೆ ಬಿದ್ದ ಮತ 42 ಸಾವಿರಕ್ಕೂ ಹೆಚ್ಚು. ಎರಡು ಮನೆ ಬಿಟ್ಟು ಬೇರೆ ಯಾರಾದರೂ ಬೇಕು ಎಂದವರ ಸಂಖ್ಯೆ ಗೆಲುವಿನ ಅಂತರಕ್ಕಿಂತ ದೊಡ್ಡದಾಯಿತು. ಮುಂದಿನ ಸಲ ಟಿಕೆಟ್ ಹಂಚುವವರು ಈ ಲೆಕ್ಕ ನೋಡದೇ ಇರುವುದಿಲ್ಲ. ಅಭ್ಯರ್ಥಿಗಳು ಆಸ್ತಿ, ಕೇಸುಗಳ ಪ್ರಮಾಣಪತ್ರ ಕೊಡಲೇಬೇಕು ಎಂಬ ನಿಯಮವೂ 2002-03ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದದ್ದು. ಒಂದೆರಡು ಪ್ರಮಾಣಪತ್ರ ಅವಳೇ ಓದಲಿ. ಯಾರೂ ಬೇಡ ಅನ್ನಿಸಿದರೆ ನೋಟಾ ಇದೆ, 2013ರಿಂದ. ನೋಟಾಗೆ ಹೆಚ್ಚು ಮತ ಬಿದ್ದರೂ ಅದರ ನಂತರದ ಅಭ್ಯರ್ಥಿಯೇ ಗೆಲ್ಲುತ್ತಾರೆ ಎಂಬುದನ್ನು ಮುಚ್ಚಿಡದೆ ಹೇಳಿ.

ಪಟ್ಟಿಗೆ ಹೆಸರು ಸೇರಿಸುವುದು, ಮತ ಹಾಕುವುದು ಎರಡೂ ಒಂದೇ ಅಲ್ಲ ಎಂದು ಅವಳಿಗೆ ತಿಳಿಸಿ. ಹೆಸರಿದ್ದರೆ ಹಾಕುವುದೋ ಬಿಡುವುದೋ ಆ ದಿನ ಅವಳೇ ತೀರ್ಮಾನಿಸಬಹುದು. ಅರ್ಹತಾ ದಿನಾಂಕ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಜೂನ್‌ನಲ್ಲಿ 18 ತುಂಬಿದ ಅವಳು ಜುಲೈ 1ರ ಲೆಕ್ಕಕ್ಕೆ ಬರುತ್ತಾಳೆ. ನಮೂನೆ 6 ತುಂಬಿ ಆನ್‌ಲೈನ್‌ನಲ್ಲಿ ಅಥವಾ ಮತಗಟ್ಟೆ ಮಟ್ಟದ ಅಧಿಕಾರಿಗೆ ಕೊಡಬಹುದು. ಆಧಾರ್ ಸಂಖ್ಯೆ ಕಡ್ಡಾಯವಲ್ಲ. ಆ ನೆಪದಲ್ಲಿ ಮನೆಯ ಉಳಿದವರ ಹೆಸರೂ ಪಟ್ಟಿಯಲ್ಲಿದೆಯೇ ನೋಡಿಬಿಡಿ, ಇಲ್ಲವೇ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ವಾಕಿಂಗ್ ಗೆಳೆಯರಿಗೂ ಹೇಳಿ. ಓಟು ಕದ್ದರು ಅನ್ನುವವರಲ್ಲಿ ತಮ್ಮ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ನೋಡಿದವರು ಎಷ್ಟು ಜನ ಎಂದು ನನಗೂ ಕುತೂಹಲವಿದೆ.